ಮೂಡುಗಾಲು ಬಂತು

“ಈ ಹುಡುಗಿ ಕೈಲಿ ಫೋಟೋ ಆಗಲ್ಲ ಬಿಡ್ರಿ” ಎಂದವರು ಚಳ್ಳಕೆರೆಯ ಸ್ಟುಡಿಯೋ ರುದ್ರಣ್ಣ. ನನಗೆ ಹೇಳಲಿಲ್ಲ, ನನ್ನ ಪಕ್ಕದಲ್ಲಿ ನಿಂತಿದ್ದ ಅವ್ವನಿಗೆ ಹೇಳಿದರು. ಊರಿನ ಅರ್ಧ ಜನರ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ಡ್ರಾಯರಿನಲ್ಲಿಟ್ಟುಕೊಂಡಿರುವ ಮನುಷ್ಯ ಅವರು, ಸುಮ್ಮನೆ ಮಾತಾಡುವವರಲ್ಲ. ನಾನು ಫೋಟೋ ತೆಗೆಯುವುದು ಕಲಿಯುತ್ತೇನೆಂದಾಗ ತಮ್ಮ ಕ್ಯಾಮೆರಾ ಕೊಟ್ಟು, “ನಿಮ್ಮವ್ವಂದೇ ಒಂದು ತೆಗಿ ನೋಡಾಣ” ಎಂದಿದ್ದರು. ತೆಗೆದೆ. ಅದರಲ್ಲಿ ಅವ್ವನಿಗೆ ಎರಡು ಮೂಗುಬೊಟ್ಟು ಇದ್ದವು. ಮೂಗು ಎಷ್ಟೆಂದು ಹೇಳುವುದು ಕಷ್ಟವಿತ್ತು.

“ಕೈ ನಡುಗ್ತೈತಲ್ರಿ. ಈ ಕೈಗೆ ದೇವ್ರೇ ಬಂದು ನಿಂತ್ರೂ ಇಬ್ರು ದೇವ್ರು ಕಾಣ್ತಾರೆ” ಎಂದರು ರುದ್ರಣ್ಣ.

ಅವ್ವ ಸೆರಗು ಸರಿಮಾಡಿಕೊಂಡು, “ಇವ್ಳಿಗೆ ಡಿಗ್ರಿ ಆಗಲ್ಲ ಅಂತಾನೂ ಅಂದಿದ್ರು ಕಣಣ್ಣಾ, ಆತು” ಎಂದಳು. ಹೇಳಿ ಹೊರಗೆ ಬಂದವಳು ಮನೆ ತಲುಪುವವರೆಗೂ ನನ್ನ ಕೈ ಬಿಗಿಹಿಡಿದುಕೊಂಡೇ ನಡೆದಳು. ರುದ್ರಣ್ಣ ಹೇಳಿದ್ದು ನಿಜವಿರಬಹುದು ಎಂದು ಅವಳಿಗೂ ಅನ್ನಿಸಿದೆ ಎಂದು ನನಗೆ ಆ ದಾರಿಯಲ್ಲೇ ಗೊತ್ತಾಯಿತು.

ನನ್ನ ಕೈ ನಡುಗುವುದು ಹೊಸದಲ್ಲ. ಹಾಲ್ ಟಿಕೆಟ್ ಹಿಡಿದಾಗ ನಡುಗಿದೆ, ಬ್ಯಾಂಕಿನ ಚಲನ್ ಬರೆಯುವಾಗ ನಡುಗಿದೆ, ಕಾಲೇಜಿನ ಮೊದಲ ದಿನ ‘ನಿಮ್ಮ ಪರಿಚಯ ಮಾಡಿಕೊಳ್ಳಿ’ ಎಂದಾಗ ಕೈಯ ಜೊತೆಗೆ ಹೆಸರೂ ನಡುಗಿ ‘ಗಂ-ಗಂಗಮ್ಮ’ ಎಂದು ಹೊರಬಿದ್ದಿದೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಎಣ್ಣೆ ಗಿರಣಿಯಲ್ಲಿ ಕೂತು ಶೇಂಗಾ ಬೀಜ ಆರಿಸಿದ ಅವ್ವನ ಬೆರಳುಗಳ ಮೇಲೆ ನಿಂತ ಡಿಗ್ರಿ ಅದು, ಹೇಳದೆ ಹೇಗಿರಲಿ? ಆದರೆ ಮೊದಲನೆಯವಳಾಗುವುದರಲ್ಲಿ ಒಂದು ತೊಂದರೆ ಇದೆ. ಭಯಗಳೂ ಹೊಸವೇ ಆಗಿರುತ್ತವೆ. ನಮ್ಮಜ್ಜಿ ಹಾವಿಗೆ ಹೆದರುತ್ತಿದ್ದಳು, ಸಿಡಿಲಿಗೆ ಹೆದರುತ್ತಿದ್ದಳು. ಆ ಭಯಗಳಿಗೆ ಮದ್ದು, ಮಂತ್ರ, ಹರಕೆ ಎಲ್ಲ ಇದ್ದವು. ಲಿಫ್ಟಿನ ಬಾಗಿಲು, ಮೈಕು, ಅರ್ಜಿಯ ಕೆಳಗೆ ಸಣ್ಣ ಅಕ್ಷರದಲ್ಲಿರುವ ಸೂಚನೆ, ಇವುಗಳಿಗೆ ಯಾವ ದೇವರಿಗೆ ಹರಕೆ ಹೊರಬೇಕು? ಮನೆಯಲ್ಲಿ ಕೇಳಲು ಯಾರೂ ಇರಲಿಲ್ಲ.

ಇಂಥವಳು ಫೋಟೋಗ್ರಫಿಯ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದ್ದೆ. ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತ, ಭಾನುವಾರ ಚಿತ್ರದುರ್ಗಕ್ಕೆ ಹೋಗಿ ಕಲಿಯುವ ಕೋರ್ಸು. ಹಗಲಿನ ಚಿತ್ರಗಳನ್ನು ಹೇಗೋ ದಾಟಿಸಿದೆ. ಬಿಸಿಲು ಜೋರಾಗಿದ್ದರೆ ಕ್ಯಾಮೆರಾ ಕಣ್ಣು ಮಿಟುಕಿಸಿದಷ್ಟರಲ್ಲಿ ಚಿತ್ರ ಆಗಿಹೋಗುತ್ತದೆ, ನಡುಕಕ್ಕೆ ಪುರಸೊತ್ತು ಸಿಗುವುದಿಲ್ಲ. ಕೊನೆಯ ಕೆಲಸ ಮಾತ್ರ ಹೊತ್ತು ಮುಳುಗಿದ ಮೇಲೆ, ಫ್ಲಾಶ್ ಇಲ್ಲದೆ ತೆಗೆಯಬೇಕಿತ್ತು. ಮಂದ ಬೆಳಕಿನಲ್ಲಿ ಕ್ಯಾಮೆರಾ ತುಂಬ ಹೊತ್ತು ಕಣ್ಣು ಬಿಟ್ಟುಕೊಂಡಿರುತ್ತದೆ. ಅಷ್ಟು ಹೊತ್ತೂ ಅದು ಕಲ್ಲಿನಂತೆ ಇರಬೇಕು. ಆ ಚಿತ್ರ ಸರಿಬರದಿದ್ದರೆ ಸರ್ಟಿಫಿಕೇಟ್ ಇಲ್ಲ. ಸರ್ಟಿಫಿಕೇಟ್ ಇಲ್ಲದಿದ್ದರೆ ರುದ್ರಣ್ಣನ ಮಾತು ನಿಜ. ಅವ್ವ ಬಯ್ಯುವವಳಲ್ಲ. ನನ್ನ ಮುಖವನ್ನೊಮ್ಮೆ ನೋಡಿ ಊಟಕ್ಕೆ ತಟ್ಟೆ ಇಡುತ್ತಾಳೆ. ಆ ತಟ್ಟೆ ಇಡುವ ಸದ್ದನ್ನು ನೆನೆಸಿಕೊಂಡೇ ನಾನು ಮುಕ್ಕಾಲಿ ಹುಡುಕಲು ಹೊರಟದ್ದು.

ಅಂಗಡಿಯವರು ಅದನ್ನು ಟ್ರೈಪಾಡ್ ಎನ್ನುತ್ತಾರೆ, ರುದ್ರಣ್ಣ ‘ಸ್ಟ್ಯಾಂಡು’ ಎನ್ನುತ್ತಾರೆ, ನಾನು ಪಾಠ ಮಾಡುವವಳಾದ್ದರಿಂದ ಮುಕ್ಕಾಲಿ ಎನ್ನುತ್ತೇನೆ. ನಮ್ಮ ಭಾಷೆಯ ತಮಾಷೆ ನೋಡಿ. ಕಾಲು ಎಂದರೆ ನಡೆಯುವ ಕಾಲೂ ಹೌದು, ಒಂದರಲ್ಲಿ ನಾಲ್ಕನೆಯ ಪಾಲೂ ಹೌದು. ಹಾಗಾಗಿ ಮೂರು ಕಾಲು ಸೇರಿದರೂ ಮುಕ್ಕಾಲೇ, ಪೂರ್ತಿ ಒಂದಾಗುವುದಿಲ್ಲ. ಲೆಕ್ಕದಲ್ಲಿ ಹೀಗೆ ಸೋತದ್ದು ನೆಲದ ಮೇಲೆ ಗೆಲ್ಲುತ್ತದೆ. ನಮ್ಮ ಸ್ಟಾಫ್ ರೂಮಿನ ನಾಲ್ಕು ಕಾಲಿನ ಮೇಜಿನ ಕೆಳಗೆ ಸದಾ ಒಂದು ಕಾಗದದ ಮಡಿಕೆ ಇರುತ್ತದೆ. ಮುಕ್ಕಾಲಿಗೆ ಆ ಉಪಚಾರ ಬೇಡ. ಬದುವಿನ ಮೇಲಿಡಿ, ಬಂಡೆಯ ಮೇಲಿಡಿ, ಮೂರು ಕಾಲೂ ಊರುತ್ತವೆ. ಬೇಕಾದ್ದಕ್ಕಿಂತ ಒಂದು ಕಡಿಮೆ ಇರುವುದರಿಂದಲೇ ಅದಕ್ಕೆ ಅಲುಗಾಟವಿಲ್ಲ. ಈ ಮಾತನ್ನು ನಾನು ಎಂಟನೇ ತರಗತಿಯಲ್ಲಿ ಹೇಳಿದೆ. ಒಂದು ಹುಡುಗಿ ಎದ್ದು, “ಹಂಗಾದ್ರೆ ಎಮ್ಮೆಗೆ ಯಾಕ್ ಮಿಸ್ ನಾಲ್ಕು?” ಎಂದಳು. ಗಂಟೆ ಹೊಡೆಯಿತು, ಬದುಕಿದೆ.

ಮುಕ್ಕಾಲಿ ಗಟ್ಟಿಯಾಗಿರಬೇಕು, ಹಗುರವಾಗಿಯೂ ಇರಬೇಕು. ಯಾರನ್ನು ಕೇಳಿದರೂ ಇದೇ ಉಪದೇಶ. ಗಟ್ಟಿಮುಟ್ಟಾಗಿರಬೇಕು, ಯಾರಿಗೂ ಭಾರ ಆಗಬಾರದು. ನಮ್ಮ ಕಡೆ ಸೊಸೆ ಹುಡುಕುವವರೂ ಹೀಗೇ ಹೇಳಿ, ಸಿಗದೆ ತಿರುಗುತ್ತಾರೆ. ನಾನು ಮೊದಲು ಆನ್‌ಲೈನಿನಲ್ಲಿ ಬರೀ ಹಗುರವಾದದ್ದನ್ನು ತರಿಸಿದೆ. ಕಾಲು ಬಿಡಿಸಿ ನಿಲ್ಲಿಸಿದರೆ ಆಗತಾನೆ ಹುಟ್ಟಿದ ಕುರಿಮರಿ ನಿಂತಹಾಗೆ ನಿಂತಿತು. ಕ್ಯಾಮೆರಾ ಕೂರಿಸಿದೆ. ಅದರ ಕತ್ತು ನಿಧಾನವಾಗಿ ಬಗ್ಗುತ್ತ ಬಗ್ಗುತ್ತ, ಹೆಡ್‌ಮಾಸ್ಟರರ ಮುಂದೆ ತಪ್ಪೊಪ್ಪಿಕೊಳ್ಳುವವರಂತೆ ನೆಲ ನೋಡಿತು. ಆಮೇಲೆ ಕೋರ್ಸಿನ ಮೇಷ್ಟ್ರು ತಮ್ಮ ಹಳೆಯ ಗಟ್ಟಿ ಮುಕ್ಕಾಲಿಯನ್ನು ಒಂದು ವಾರಕ್ಕೆ ಕೊಟ್ಟರು. ಅದನ್ನು ಹೊತ್ತು ಬಸ್ ಹತ್ತಿದರೆ ಕಂಡಕ್ಟರ್, “ಏನಮ್ಮಾ, ಬೋರ್‌ವೆಲ್ ಪೈಪಾ? ಟಾಪ್ ಮೇಲೆ ಹಾಕು” ಎಂದ. ಅದನ್ನು ಮನೆಗೆ ತಂದು ಇಳಿಸುವಷ್ಟರಲ್ಲಿ, ಮೊದಲೇ ನಡುಗುವ ಕೈ ಭಾರ ಹೊತ್ತ ಸುಸ್ತಿಗೆ ಇನ್ನಷ್ಟು ನಡುಗತೊಡಗಿತು.

ಕೊನೆಗೆ ಚಿತ್ರದುರ್ಗದ ಅಂಗಡಿಗೇ ಹೋದೆ. ಅಂಗಡಿಯವರು ಕಾರ್ಬನ್ ಫೈಬರ್ ಮುಕ್ಕಾಲಿಯನ್ನು ಒಂದೇ ಬೆರಳಲ್ಲಿ ಎತ್ತಿ ತೋರಿಸಿದರು. ಅದರ ಬೆಲೆಯನ್ನು ಮಾತ್ರ ದನಿ ತಗ್ಗಿಸಿ ಹೇಳಿದರು. ಮುಟ್ಟಲೂ ಹೆದರಿ ಕೈ ಹಿಂದೆ ಕಟ್ಟಿಕೊಂಡೆ. ಅಲ್ಯುಮಿನಿಯಂ ತೋರಿಸಿ ಎಂದೆ. ಅಷ್ಟು ದಿನ ಓದಿ ಕೇಳಿ ತಿಳಿದದ್ದು ಅಲ್ಲಿ ಉಪಯೋಗಕ್ಕೆ ಬಂತು, ನಿಮಗೂ ಹೇಳಿಬಿಡುತ್ತೇನೆ. ಕಾಲಿಗೆ ಮಡಿಕೆ ಕಡಿಮೆ ಇದ್ದಷ್ಟೂ ಒಳ್ಳೆಯದು, ಪ್ರತಿ ಕೀಲೂ ಒಂದೊಂದು ನಡುಕ. ನಡುವಿನ ಕಂಬವನ್ನು ಎತ್ತರಿಸಿ ನಿಲ್ಲಿಸಬೇಡಿ, ಆಗ ಮೂರು ಕಾಲಿನ ಮೇಲೆ ಒಂಟಿ ಕಾಲು ನಿಂತಂತೆ. ನಡುವಿನ ಕಂಬದ ಕೆಳತುದಿಯಲ್ಲಿ ಕೊಕ್ಕೆ ಇದೆಯೇ ನೋಡಿ, ಗಾಳಿಗೆ ಅಲುಗಾಡದಂತೆ ಬ್ಯಾಗು ನೇತುಹಾಕಬಹುದು. ಹಗುರವಾದದ್ದನ್ನು ಹೊತ್ತುಕೊಂಡು ಹೋಗಿ, ಭಾರವನ್ನು ಅಲ್ಲಿ ಹೋದಮೇಲೆ ಹುಡುಕಿಕೊಳ್ಳುವುದು, ಇಷ್ಟೇ ಗುಟ್ಟು. ಎಲ್ಲ ಸರಿಯಿದ್ದ ಒಂದನ್ನು ನಿಲ್ಲಿಸಿ, ಎರಡೂ ಅಂಗೈಯಿಂದ ತಲೆ ಒತ್ತಿ ನೋಡಿದೆ. “ಮೇಡಂ, ಆಶೀರ್ವಾದ ಸಾಕು” ಎಂದರು ಅಂಗಡಿಯವರು. ಕೊಂಡೆ.

ಇನ್ನು ಅದನ್ನು ಎಲ್ಲಿ ನಿಲ್ಲಿಸುವುದು? ಉಳ್ಳಾರ್ತಿ ಕಾವಲಿನ ಹುಲ್ಲು ಸಂಜೆಯ ಹೊತ್ತಿಗೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಆದರೆ ಆ ಹುಲ್ಲುಗಾವಲಿಗೆ ಈಗ ಸರ್ಕಾರಿ ಸಂಸ್ಥೆಗಳ ಬೇಲಿ, ಬೋರ್ಡು, ಕಾವಲಿನವರು. ಬೋರ್ಡಿಲ್ಲದ ಕಡೆಯಲ್ಲೂ ನನಗೆ ಬೋರ್ಡು ಕಾಣಿಸುತ್ತದೆ. ಕಪ್ಪು ಚೀಲದಲ್ಲಿ ಉದ್ದಕ್ಕೆ ಮಲಗಿದ ಮುಕ್ಕಾಲಿ ದೂರದಿಂದ ಬಂದೂಕಿನ ಹಾಗೇ ಕಾಣುತ್ತದೆ ಎಂದು ಒಂದು ಸಲ ಅನ್ನಿಸಿತು. ಅನ್ನಿಸಿದ ಮೇಲೆ ಕಾವಲಿನ ಆಸೆ ಬಿಟ್ಟೆ. ಮೊಳಕಾಲ್ಮುರು ತಾಲ್ಲೂಕಿನ ಬಿ.ಜಿ. ಕೆರೆಯಲ್ಲಿ ಅವ್ವನ ಅಕ್ಕ, ನಮ್ಮ ಓಬಮ್ಮ ದೊಡ್ಡವ್ವ ಇದ್ದಾಳೆ. ಅವಳ ಹೊಲದಲ್ಲಿ ಮುಕ್ಕಾಲಿ ನಿಲ್ಲಿಸಿದರೆ ಕೇಳುವವರು ಯಾರು ಎಂದುಕೊಂಡು, ಚಿತ್ರ ಒಪ್ಪಿಸುವ ದಿನಕ್ಕೆ ಹಿಂದಿನ ಶನಿವಾರ ಬಸ್ ಹತ್ತಿದೆ.

ಆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಯಜಮಾನರೊಬ್ಬರು, ನಾನು ಕೇಳದಿದ್ದರೂ, ಉರುಳಿಗೆ ಸಿಕ್ಕು ಕಾಲು ಕಳೆದುಕೊಂಡ ಕರಡಿಯ ಕಥೆ ಹೇಳಿದರು. “ಮೂರೇ ಕಾಲಾಗೆ ಓಡಾಡ್ತೈತೆ, ಸಿಟ್ಟು ಮಾತ್ರ ನಾಲ್ಕು ಕಾಲಿಂದು” ಎಂದರು. ದೊಡ್ಡವ್ವನ ಮನೆಯಲ್ಲಿ ಉಂಡು ಎದ್ದರೆ ಅವಳೂ, “ಗುಡ್ಡದ ಕಡೆ ಹೋಗಬ್ಯಾಡ ಮಗಾ, ಹೊತ್ತಿಳಿದ ಮ್ಯಾಲೆ ಕರಡಿ ಇಳೀತಾವೆ” ಎಂದಳು. ಅವಳ ಹೊಲ ಇರುವುದು ಗುಡ್ಡದ ಕಡೆಗೇ. “ನಾನು ಅಲ್ಲೇ ಶೇಂಗಾ ಕೀಳ್ತಿರ್ತೀನಿ, ನೀನು ಆಮೇಲೆ ಬಾ” ಎಂದು ಹೋದಳು. ಏನು ತರುತ್ತೇನೆಂದು ನಾನು ಹೇಳಿರಲಿಲ್ಲ. ‘ಫೋಟೋ’ ಎಂದಷ್ಟೇ ಅವಳಿಗೆ ಗೊತ್ತು. ಮೊಬೈಲಿನಲ್ಲಿ ತೆಗೆಯುತ್ತಾಳೆ ಎಂದುಕೊಂಡಿದ್ದಳಂತೆ.

ಹೊತ್ತು ಮುಳುಗುವ ಮುಂಚೆ ಬದುವಿನ ಮೇಲೆ ಮುಕ್ಕಾಲಿ ನಿಲ್ಲಿಸಿ ಕ್ಯಾಮೆರಾ ಕೂರಿಸಿದೆ. ಹೆಂಗಸರು ಶೇಂಗಾ ಕೀಳುತ್ತಿದ್ದದ್ದು ಹೊಲದ ಆ ತುದಿಯಲ್ಲಿ. ಗಾಳಿ ಜೋರಿತ್ತು, ಶೇಂಗಾದ ನಡುವೆ ಸಾಲು ಬಿಟ್ಟು ಸಾಲು ಹಾಕಿದ ಅಕ್ಕಡಿ ತೊಗರಿ ಗಿಡಗಳೆಲ್ಲ ಒಂದೇ ಕಡೆ ಬಾಗುತ್ತಿದ್ದವು. ಕೊಕ್ಕೆಗೆ ನೇತುಹಾಕಲು ಬ್ಯಾಗು ತರಬೇಕೆಂದು ಬೇವಿನ ಮರದ ಬುಡಕ್ಕೆ ಹೋದೆ. ಬಗ್ಗಿ ಬ್ಯಾಗಿಗೆ ಕೈ ಹಾಕಿದ್ದೇನೆ, ಹೊಲದ ಆಚೆಯಿಂದ ಕೂಗು ಬಂತು.

“ಮೂಡುಗಾಲು ಬಂತಲ್ರೇ! ಲೇ ಓಬೀ, ಮೂಡುಗಾಲು ಬಂತು!”

ಆಂಧ್ರದ ಗಡಿ ಹತ್ತಿರದ ಊರಿದು. ಇಲ್ಲಿನವರ ಮಾತಿನಲ್ಲಿ ಒಂದು ಕಾಲು ತೆಲುಗಿನಲ್ಲಿರುತ್ತದೆ. ಮೂಡು ಎಂದರೆ ಮೂರು ಎಂಬಷ್ಟು ನನಗೂ ಗೊತ್ತು. ಮೂರು ಕಾಲು! ಬಸ್ಸಿನ ಯಜಮಾನರ ಕರಡಿ! ಯೋಚಿಸಲಿಲ್ಲ. ಕಷ್ಟಪಟ್ಟು ಆರಿಸಿ ತಂದ ಮುಕ್ಕಾಲಿ, ಅದರ ಮೇಲೆ ಕಂತಿನಲ್ಲಿ ಕೊಂಡ ಕ್ಯಾಮೆರಾ, ಎಲ್ಲ ಬದುವಿನ ಮೇಲೆ ಬಿಟ್ಟು, ಚಪ್ಪಲಿ ಒಂದನ್ನು ತೊಗರಿ ಸಾಲಿನಲ್ಲಿ ಬಿಟ್ಟು, ದೊಡ್ಡವ್ವನಿದ್ದ ಕಡೆಗೆ ಓಡಿದೆ. ಪದವೀಧರೆಯರು ಓಡುವುದು ಬೇರೆ ಥರ ಇರುತ್ತದೆ ಎಂದುಕೊಂಡಿದ್ದೆ. ಇಲ್ಲ, ಒಂದೇ ಥರ.

ಎದುರಿನಿಂದ ದೊಡ್ಡವ್ವ ಓಡಿ ಬರುತ್ತಿದ್ದಳು. ಕೈಯಲ್ಲಿ ಕುಡುಗೋಲು, ಹಿಂದೆ ಇನ್ನೂ ಮೂವರು ಹೆಂಗಸರು. ಅವಳನ್ನು ತಬ್ಬಿ ಹಿಡಿದು, “ಎಲ್ಲೈತೆ ದೊಡ್ಡವ್ವಾ?” ಎಂದೆ.

“ಅಲ್ಲೇ, ನಮ್ ಬದುವಿನ ಮ್ಯಾಲೆ. ನಿನಗೆ ಕಾಣ್ಲಿಲ್ವೇನೇ?”

“ದೊಡ್ಡದಾ?”

“ಆಳೆತ್ತರ ಐತೆ. ಕರ್ರಗೆ ನಿಂತೈತೆ.”

“ಕಚ್ಚುತ್ತಾ?”

ದೊಡ್ಡವ್ವ ನನ್ನ ಮುಖ ನೋಡಿದಳು. “ಕಚ್ಚೋದೇನೇ? ಹೊಲಾನೇ ನುಂಗುತ್ತೆ” ಎಂದಳು.

ಆಗ ಅವಳು ಕುಡುಗೋಲು ತೋರಿಸಿದ ಕಡೆ ನೋಡಿದೆ. ಬದುವಿನ ಮೇಲೆ, ಮುಳುಗುವ ಬೆಳಕಿಗೆ ಬೆನ್ನು ಕೊಟ್ಟು, ಕಾಲು ಅಗಲಿಸಿ, ಕರ್ರಗೆ, ನನ್ನ ಮುಕ್ಕಾಲಿ ನಿಂತಿತ್ತು.

ಜಮೀನು ಅಳೆಯುವವರು ಅಂಥದೇ ಮೂರು ಕಾಲಿನ ಮೇಲೆ ಯಂತ್ರ ಕೂರಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಆ ಊರಿನ ಹೆಂಗಸರು ಅದಕ್ಕಿಟ್ಟ ಹೆಸರು ಮೂಡುಗಾಲು. ಹಿಂದೊಮ್ಮೆ ಅದು ಬಂದಾಗ ಹೀಗೇ ಸಂಜೆ ನಿಂತಿತ್ತಂತೆ. ಯಾರೂ ಏನೂ ಹೇಳಲಿಲ್ಲವಂತೆ. ಬೆಳಗಾದರೆ ಹೊಲದ ನಡುವೆ ಬಣ್ಣ ಬಳಿದ ಕಲ್ಲುಗಳಿದ್ದವಂತೆ. ಈಗ ಅಲ್ಲಿ ರಸ್ತೆ ಇದೆ. ದೊಡ್ಡವ್ವನ ಹಿಂದೆ ನಿಂತಿದ್ದ ಪಾಲಮ್ಮನ ಹೊಲದಲ್ಲಿ ರಸ್ತೆಯ ಆ ಕಡೆ ಒಂದು ಚೂರು, ಈ ಕಡೆ ಒಂದು ಚೂರು ಉಳಿದಿದೆ. ಕರಡಿಯಾದರೆ ಬಂದ ದಾರಿಯಲ್ಲಿ ಹಿಂದೆ ಹೋಗುತ್ತದೆ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

“ಅದು ನಂದು ದೊಡ್ಡವ್ವಾ, ಫೋಟೋ ತೆಗಿಯೋದು” ಎಂದೆ.

“ನಿಂದಾ?” ದೊಡ್ಡವ್ವನ ಮುಖ ಇನ್ನೂ ಕಪ್ಪಿಟ್ಟಿತು. “ಓದಿಸಿದ್ದು ಇದಕ್ಕೇನೇ? ನೌಕರಿ ಸಿಕ್ತು ಅಂತ ನಮ್ ಹೊಲಾನೇ ಅಳೆಯಾಕೆ ಬಂದ್ಯಾ?”

ಪಾಲಮ್ಮ ಆಗಲೇ ಹೋಗಿ ಮುಕ್ಕಾಲಿಯ ಒಂದು ಕಾಲು ಹಿಡಿದಿದ್ದಳು, ಕಿತ್ತು ಎಸೆಯುವಂತೆ. ನಾನು ಹಿಂದೆಯೇ ಓಡಿದೆ. “ಅತ್ತೇ, ಕೈ ಮುಗಿತೀನಿ, ಕೀಳಬ್ಯಾಡ್ರಿ. ನೀವೇ ಒಳಗೆ ನೋಡ್ರಿ. ಬರೀ ಹೊಲ ಕಾಣುತ್ತೆ, ಬೇರೆ ಏನಿಲ್ಲ” ಎಂದೆ. ಪಾಲಮ್ಮ ಬಗ್ಗಿ ಕ್ಯಾಮೆರಾದ ಹಿಂದಿನ ಪರದೆ ನೋಡಿದಳು. ನೋಡಿದವಳು ಹಾವು ತುಳಿದವಳಂತೆ ಹಿಂದೆ ಸರಿದಳು.

“ಗೆರೆ ಐತಲ್ಲೇ ಓಬೀ! ಹೊಲದ ಮ್ಯಾಲೆಲ್ಲ ಗೆರೆ ಹಾಕವ್ಳೆ!”

ಹಾಕಿದ್ದೆ. ಚಿತ್ರ ಓರೆಯಾಗಬಾರದೆಂದು ಪರದೆಯ ಮೇಲೆ ಅಡ್ಡ ಎರಡು, ಉದ್ದ ಎರಡು ಗೆರೆ ಬರುವಂತೆ ಮಾಡಿಕೊಳ್ಳಲು ಮೇಷ್ಟ್ರು ಮೊದಲ ಪಾಠದಲ್ಲೇ ಹೇಳಿಕೊಟ್ಟಿದ್ದರು. ಅಂದಿನಿಂದ ಆ ಗೆರೆಗಳ ಮೂಲಕವೇ ಲೋಕ ನೋಡುತ್ತಿದ್ದ ನನಗೆ ಅವು ಕಾಣಿಸುವುದೇ ನಿಂತುಹೋಗಿತ್ತು. ಈಗ ದೊಡ್ಡವ್ವನ ಹೊಲ ಆ ಪುಟ್ಟ ಪರದೆಯಲ್ಲಿ ಸರಿಯಾಗಿ ತುಂಡುತುಂಡಾಗಿ ಹೊಳೆಯುತ್ತಿತ್ತು. ಅವರ ಕಣ್ಣಿನಿಂದ ನೋಡಿದೆ. ನನಗೂ ಭಯವಾಯಿತು.

“ಅಳಿಸ್ತೀನಿ, ಈಗಲೇ ಅಳಿಸ್ತೀನಿ” ಎಂದೆ. ಎಲ್ಲಿ ಅಳಿಸುವುದೆಂದು ಮರೆತುಹೋಯಿತು. ಗುಂಡಿ ಒತ್ತಿದರೆ ಬೇರೆ ಏನೋ ತೆರೆಯಿತು, ಮತ್ತೆ ಒತ್ತಿದರೆ ಪರದೆಯೆಲ್ಲ ಚೈನಾ ಭಾಷೆಗೆ ತಿರುಗಿತು. ಆಕಾಶದಲ್ಲಿ ಬೆಳಕು ಕೆಳಗಿಳಿಯುತ್ತಿತ್ತು, ಬೆರಳು ನಡುಗುತ್ತಿತ್ತು, ಸುತ್ತ ನಿಂತವರ ಉಸಿರು ಕತ್ತಿಗೆ ತಾಗುತ್ತಿತ್ತು. “ಸುಳ್ಳು ಹೇಳ್ತಾಳೆ” ಎಂದು ಯಾರೋ ಅಂದರು. ಕೊನೆಗೆ ಯಾವ ಪುಣ್ಯವೋ, ಗೆರೆಗಳು ಹೋದವು. ಪರದೆಯಲ್ಲಿ ಹೊಲ ಒಂದೇ ಆಯಿತು.

ಅವರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ನಂಬಲಿಲ್ಲ. “ಚಿಟಿಕೆ ಹೊಡಿಯೋದ್ರಾಗೆ ತಿರ್ಗ ಹಾಕ್ಕೊಂಡ್ರೆ?” ಎಂದಳು ಪಾಲಮ್ಮ. “ಹಿಡ್ಕಳ್ರೇ. ಒಂದೊಂದು ಕಾಲು ಒಬ್ಬೊಬ್ರು ಹಿಡ್ಕಳ್ರಿ. ಗೆರೆ ಬಂತು ಅಂದ್ರೆ ಎತ್ತಿ ಬಾವಿಗೆ ಹಾಕಾಣ.” ಮೂವರು ಕೂತು ಮೂರು ಕಾಲನ್ನು ಎರಡೆರಡು ಕೈಯಲ್ಲಿ ಬಿಗಿಹಿಡಿದರು. ದೊಡ್ಡವ್ವ ಮಾತ್ರ ಹಿಡಿಯಲಿಲ್ಲ. ನೇರವಾಗಿ ಹೊಲದ ನಡುವೆ ನಡೆದು, ತೊಗರಿ ಸಾಲಿನಲ್ಲಿ ನಿಂತು, ಕುಡುಗೋಲು ಹಿಡಿದುಕೊಂಡು ಕ್ಯಾಮೆರಾದ ಕಡೆ ತಿರುಗಿದಳು. “ಈಗ ತೆಗಿ. ನಾನು ಇಲ್ಲೇ ಇರ್ತೀನಿ” ಎಂದಳು. ನನ್ನ ಮೇಲೆ ಪ್ರೀತಿ ಇಲ್ಲವೆಂದಲ್ಲ, ಹೊಲದ ಮೇಲೆ ಕಣ್ಣಿಡುವವರು ಬೇಕಿತ್ತು.

ಗುಂಡಿ ಒತ್ತಿ ಕೈ ತೆಗೆದೆ. ಕ್ಯಾಮೆರಾ ಕಣ್ಣು ತೆರೆದುಕೊಂಡಿತು. ಅಷ್ಟರಲ್ಲಿ ದೂರದ ರಸ್ತೆಯಲ್ಲಿ ಒಂದು ಜೀಪು ಹೋಯಿತು. ಯಾರ ಜೀಪೋ, ಎಲ್ಲಿಗೋ. ಹೆಂಗಸರ ಕೈ ಮುಕ್ಕಾಲಿಯ ಕಾಲುಗಳ ಮೇಲೆ ಇನ್ನೂ ಬಿಗಿಯಾಯಿತು. ಹೊಲದ ನಡುವೆ ದೊಡ್ಡವ್ವ ರೆಪ್ಪೆ ಬಡಿಯದೆ ನಿಂತಳು. ಜೀಪಿನ ಸದ್ದು ಅಡಗಿತು. ಕ್ಯಾಮೆರಾ ಕಣ್ಣು ಮುಚ್ಚಿತು.

ಆ ಚಿತ್ರದಲ್ಲಿ ತೊಗರಿ ಗಿಡಗಳೆಲ್ಲ ಗಾಳಿಗೆ ಕಲಸಿಹೋಗಿ ಹೊಗೆಯ ಹಾಗೆ ಹರಿಯುತ್ತಿವೆ. ದೊಡ್ಡವ್ವನ ಸೆರಗೂ ಹೊಗೆಯೇ. ಅವಳ ಮುಖ ಮಾತ್ರ, ಒಂದೊಂದು ಸುಕ್ಕೂ ಎಣಿಸುವ ಹಾಗೆ, ಕಲ್ಲಿನಲ್ಲಿ ಕೊರೆದಂತಿದೆ. ಪ್ರಿಂಟು ಹಾಕಿಸಲು ರುದ್ರಣ್ಣನ ಹತ್ತಿರವೇ ಒಯ್ದೆ. ಕನ್ನಡಕ ಏರಿಸಿ, ಇಳಿಸಿ ನೋಡಿದರು.

“ಯಾರು ತೆಗ್ದಿದ್ದು?”

“ನಾನೇ ಅಣ್ಣಾ.”

ಇನ್ನೂ ಸ್ವಲ್ಪ ಹೊತ್ತು ನೋಡಿ, “ಸ್ಟ್ಯಾಂಡ್ ಯಾವ್ದು?” ಎಂದರು.

ನನಗೆ ಬರಬೇಕಾದ ಹೆಸರು ಸ್ಟ್ಯಾಂಡಿಗೆ ಹೋಯಿತು. ಆದರೆ ಯೋಚಿಸಿದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಈಗ ಯಾರಾದರೂ ಗಟ್ಟಿಯಾದ, ಹಗುರವಾದ ಮುಕ್ಕಾಲಿ ಯಾವುದು ಎಂದು ನನ್ನನ್ನು ಕೇಳಿದರೆ, ಕಂಪನಿಯ ಹೆಸರು ಹೇಳಲು ಹೊರಟು ಈ ಕಥೆ ಹೇಳುತ್ತೇನೆ. ಕೊಕ್ಕೆಗೆ ಹಾಕಬೇಕಿದ್ದ ನನ್ನ ಬ್ಯಾಗು ಅವತ್ತು ಬೇವಿನ ಬುಡದಲ್ಲೇ ಉಳಿದಿತ್ತು. ಮುಕ್ಕಾಲಿಯನ್ನು ಅಲುಗಾಡದಂತೆ ಹಿಡಿದದ್ದು ಮೂವರು ಹೆಂಗಸರ ಅಪನಂಬಿಕೆ. ಭಯದಿಂದ ಕೈ ನಡುಗುತ್ತದೆ ಎಂದಷ್ಟೇ ನಾನು ತಿಳಿದಿದ್ದೆ. ತನ್ನದನ್ನು ಬಿಡಬಾರದೆಂಬ ಹಟ ಸೇರಿದರೆ ಅದೇ ಕೈ ಹಿಡಿತವಾಗುತ್ತದೆ.

ಸರ್ಟಿಫಿಕೇಟ್ ಕೊಡುವ ದಿನ ಚಿತ್ರದುರ್ಗಕ್ಕೆ ಅವ್ವ ಬಂದಳು, ದೊಡ್ಡವ್ವನೂ ಬಂದಳು. ತನ್ನ ಮುಖ ಗೋಡೆಗೆ ಹಾಕಿದ್ದಾರೆಂದು ಕೇಳಿ, ಹೊಲದಲ್ಲಿ ಬಣ್ಣದ ಕಲ್ಲು ಬಿದ್ದಿಲ್ಲವೆಂದು ದಿನಾ ಬೆಳಗ್ಗೆ ಹೋಗಿ ನೋಡಿಕೊಂಡ ಮೇಲೆಯೇ ಬಂದದ್ದು. ಹೆಸರು ಕರೆದರು. ವೇದಿಕೆಗೆ ಮೂರೇ ಮೆಟ್ಟಿಲು, ಕಾಲು ತೊಡರಿತು. ಕಾಗದ ಕೈಗೆ ಬಂದಾಗ ಅದು ಗಾಳಿಗೆ ಸಿಕ್ಕಂತೆ ಪಟಪಟ ಬಡಿದುಕೊಂಡಿತು. ಸಭಾಂಗಣದಲ್ಲಿ ಫ್ಯಾನು ನಿಂತಿತ್ತು.

ಕೆಳಗಿಳಿದು ಬಂದು ಅವ್ವನ ಕೈಗಿಟ್ಟೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಮುಟ್ಟಿ, ಅಕ್ಕನಿಗೆ ದಾಟಿಸಿದಳು. ದೊಡ್ಡವ್ವನಿಗೆ ಓದು ಬರುವುದಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು, ಅಂಚಿನ ಸುತ್ತ ಅಚ್ಚು ಹಾಕಿದ್ದ ಬಂಗಾರದ ಗೆರೆಯ ಮೇಲೆ ಬೆರಳಿಟ್ಟು, ಒಂದು ಮೂಲೆಯಿಂದ ಹೊರಟು ನಾಲ್ಕೂ ಮೂಲೆ ಸುತ್ತಿ, ಮತ್ತೆ ಹೊರಟಲ್ಲಿಗೇ ಬಂದು ನಿಲ್ಲಿಸಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

“ಇದ್ಕೂ ಸುತ್ತ ಗೆರೆ ಹಾಕವ್ರಲ್ಲೇ ಗಂಗಿ... ಒಳಗಿನ ಜಾಗ ನಿಂದೇ ತಾನೆ?”